ಗೊತ್ತು ಅನ್ನಿಸುವುದೇ ಬೇರೆ, ಪಿನ್ ಎಳೆಯುವುದೇ ಬೇರೆ

ಬೆಂಕಿ ನಂದಿಸುವ ಸಿಲಿಂಡರ್ ಬಳಸೋದು ಹೇಗೆ ಅಂತ ಸುರಕ್ಷತಾ ತರಬೇತಿ ಮುಗಿಸಿ ಬಂದವರನ್ನು ಕೇಳಿ. ಪಟಪಟ ಹೇಳುತ್ತಾರೆ: ಪಿನ್ ಎಳೆಯಬೇಕು, ಬೆಂಕಿಯ ಬುಡಕ್ಕೆ ಗುರಿ ಇಡಬೇಕು, ಲಿವರ್ ಒತ್ತಬೇಕು, ಅತ್ತಿತ್ತ ಆಡಿಸಬೇಕು. ಸ್ಲೈಡಿನಲ್ಲಿ ಚಿತ್ರ ಸಮೇತ ಇತ್ತಲ್ಲ! ಈಗ ಸಿಲಿಂಡರನ್ನೇ ಕೈಗೆ ಕೊಟ್ಟು, "ಬೇಗ, ಬೇಗ" ಅನ್ನಿ. ಎಷ್ಟೋ ಜನ ಗಡಿಬಿಡಿಯಲ್ಲಿ ಲಿವರನ್ನು ಅದುಮಿ ಹಿಡಿದುಕೊಂಡೇ ಪಿನ್ ಎಳೆಯುತ್ತಾರೆ. ಅದುಮಿದಷ್ಟೂ ಪಿನ್ ಕಚ್ಚಿಕೊಳ್ಳುತ್ತದೆ. ಕೈ ಸಡಿಲ ಮಾಡಿದರೆ ಸಲೀಸಾಗಿ ಈಚೆ ಬರುತ್ತದೆ. ಈ ವಿಷಯ ಬಾಯಿಪಾಠದಿಂದ ಬರುವಂಥದ್ದಲ್ಲ. ಕೈಯಾರೆ ಮಾಡಿಯೇ ಕಲಿಯಬೇಕು; ಅನುಭವದ ಕಲಿಕೆ ಅನ್ನೋದು ಇದನ್ನೇ.

ತರಬೇತಿ ಮುಗಿದ ತಕ್ಷಣ ಎಲ್ಲಾ ಅರ್ಥವಾಯಿತು ಅನ್ನಿಸುತ್ತದೆ ನೋಡಿ, ಆ ಅನಿಸಿಕೆಯನ್ನು ನಂಬುವ ಹಾಗಿಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಚಿಕ್ಕ ಪಾಠಗಳನ್ನು ಕೊಟ್ಟರು. ಕೆಲವನ್ನು ಎರಡು ಸಲ ಓದಿಸಿದರು. ಉಳಿದವನ್ನು ಒಂದೇ ಸಲ ಓದಿಸಿ, ನೆನಪಿದ್ದಷ್ಟನ್ನು ಬರೆಸಿದರು. ಐದು ನಿಮಿಷದ ನಂತರ ಕೇಳಿದರೆ ಎರಡು ಸಲ ಓದಿದ್ದೇ ಜಾಸ್ತಿ ನೆನಪಿತ್ತು. ವಾರ ಕಳೆದ ಮೇಲೆ ಲೆಕ್ಕ ತಲೆಕೆಳಗಾಯಿತು: ಬರೆದು ನೋಡಿದ್ದು ಶೇ. 56ರಷ್ಟು, ಮತ್ತೆ ಓದಿದ್ದು ಶೇ. 42ರಷ್ಟು ಉಳಿದಿತ್ತು.

ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಮಜವಾಗಿದೆ. ಗುಂಪಿನಲ್ಲಿ ಕೂತು ಲೆಕ್ಕ ಬಿಡಿಸಲು ಒದ್ದಾಡಿದವರು, ಸೊಗಸಾದ ಉಪನ್ಯಾಸ ಕೇಳಿದವರಿಗಿಂತ ಹೆಚ್ಚು ಕಲಿತಿದ್ದರು. ಆದರೆ ತಾವು ಕಡಿಮೆ ಕಲಿತೆವು ಅಂತಲೇ ಅವರಿಗೆ ಅನ್ನಿಸಿತ್ತು! ತರಬೇತಿಯ ಕೊನೆಗೆ ತುಂಬಿಸಿಕೊಳ್ಳುವ "ಹೇಗಿತ್ತು?" ಫಾರ್ಮ್ ನೋಡಿ ಹಿಗ್ಗುವವರು ಇದನ್ನು ಯೋಚಿಸಬೇಕು.

ಅಂದಹಾಗೆ, "ಓದಿದ್ದರಲ್ಲಿ ಶೇ. 10 ನೆನಪಿರುತ್ತದೆ, ಮಾಡಿದ್ದರಲ್ಲಿ ಶೇ. 90" ಎಂಬ ಪಿರಮಿಡ್ ಚಿತ್ರವನ್ನು ತರಬೇತಿಗಳಲ್ಲೇ ತೋರಿಸುತ್ತಾರೆ. ಅದಕ್ಕೆ ಸಂಶೋಧನೆಯ ಆಧಾರವಿಲ್ಲ. ಅದರ ಮೂಲ ಎಂದು ಹೇಳಲಾಗುವ, ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ 1946ರಲ್ಲಿ ಬರೆದ "ಅನುಭವದ ಶಂಕು" ಚಿತ್ರದಲ್ಲಿ ಆ ಅಂಕಿಗಳೇ ಇರಲಿಲ್ಲ. ಯಾರೋ ಆಮೇಲೆ ಅಂಟಿಸಿದ್ದು.

ಹಾಗಂತ ಬಲೂನು ಊದಿಸಿ, ಚೆಂಡು ಎಸೆದಾಡಿಸಿದರೆ ಅದು ಅನುಭವದ ಕಲಿಕೆ ಆಗೋದಿಲ್ಲ. ಸುಮ್ನೆ ಗದ್ದಲ ಅಷ್ಟೇ. ಚಟುವಟಿಕೆ ಆ ಕೆಲಸದ್ದೇ ಆಗಿರಬೇಕು. ಸಿಟ್ಟಾದ ಗ್ರಾಹಕರ ಫೋನ್ ನಿಭಾಯಿಸುವವರಿಗೆ ಸಿಟ್ಟಾದ ಗ್ರಾಹಕರ ಫೋನೇ ಬೇಕು. ವಯಸ್ಸಾದ ಮೇಲೆ ಕಲಿಯಲು ಬರುವವರು ಮಕ್ಕಳ ಹಾಗೆ ಖಾಲಿ ತಲೆಯಲ್ಲಿ ಬರುವುದಿಲ್ಲ. ಹಳೇ ಅಭ್ಯಾಸ, "ನಾವು ಹೀಗೇ ಮಾಡೋದು" ಎಂಬ ಹಟ ಎಲ್ಲಾ ಜೊತೆಗೇ ಬರುತ್ತದೆ. ಮೊದಲು ಅವರ ಪಾಡಿಗೆ ಅವರನ್ನು ಮಾಡಲು ಬಿಟ್ಟರೆ, ಎಲ್ಲಿ ಎಡವುತ್ತಾರೋ ಅಲ್ಲಿ ಪ್ರಶ್ನೆ ಅವರ ಬಾಯಿಂದಲೇ ಬರುತ್ತದೆ. ಕೆಲಸಕ್ಕೆ ತೀರಾ ಹೊಸಬರಾದರೆ ಮಾತ್ರ ಒಂದೆರಡು ಸಲ ಮಾಡಿ ತೋರಿಸುವುದೇ ವಾಸಿ. ಏನೂ ಗೊತ್ತಿಲ್ಲದೆ ತಡಕಾಡಿಸಿದರೆ ತಲೆ ಕೆಡುತ್ತದೆ, ಅಷ್ಟೇ.

ಶಿಕ್ಷಣ ಚಿಂತಕ ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ ಕಲಿಕೆಯ ಚಕ್ರದಲ್ಲಿ ಅನುಭವ ಮೊದಲ ಹೆಜ್ಜೆ ಮಾತ್ರ. ಏನಾಯಿತು ಅಂತ ಹಿಂದಿರುಗಿ ನೋಡಬೇಕು, ಯಾಕೆ ಹಾಗಾಯಿತು ಅಂತ ತಿಳಿಯಬೇಕು, ಮತ್ತೆ ಮಾಡಿ ನೋಡಬೇಕು. ನಾನು ಕೂತ ಎಷ್ಟೋ ತರಬೇತಿಗಳಲ್ಲಿ ಆಟ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿರುತ್ತಿತ್ತು. ಮಾತಾಡಲು ಬಿಡುವೇ ಇಲ್ಲ. ಅರ್ಧ ಗಂಟೆ ಆಟವಾದರೆ ಅಷ್ಟೇ ಹೊತ್ತು ಮಾತಿಗೂ ಬೇಕು ಅನ್ನುವುದು ನನ್ನ ಲೆಕ್ಕ.

ಮೂರು ವಾರ ಬಿಟ್ಟು, ಮುನ್ಸೂಚನೆ ಕೊಡದೆ, ಅದೇ ಸಿಲಿಂಡರನ್ನು ಮತ್ತೆ ಕೈಗೆ ಕೊಡಿ. ಸ್ಲೈಡು ಬೇಡ. ಪಿನ್ ಎಳೆಯುವಾಗ ಇನ್ನೊಂದು ಕೈ ಎಲ್ಲಿದೆ ಅಂತ ನೋಡಿ.