ಸೂಜಿಯಲ್ಲಿ ಔಷಧಿ ಇಲ್ಲ, ಮತ್ತೆ ನೋವು ಇಳಿಯೋದು ಹೇಗೆ?

"ಸೂಜಿಯಲ್ಲಿ ಯಾವ ಔಷಧಿ ಹಾಕ್ತೀರಾ ಡಾಕ್ಟ್ರೇ?" ಅಕ್ಯುಪಂಕ್ಚರ್‌ಗೆ ಮೊದಲ ಸಲ ಬಂದವರು ಹೆಚ್ಚಾಗಿ ಕೇಳುವುದು ಇದನ್ನೇ. ಯಾವ ಔಷಧಿಯೂ ಇಲ್ಲ. ಇಂಜೆಕ್ಷನ್ ಸೂಜಿಗೆ ಒಳಗೆ ತೂತು ಇರುತ್ತದೆ, ಇದಕ್ಕೆ ಇಲ್ಲ. ಸುಮಾರು ಕಾಲು ಮಿಲಿಮೀಟರ್ ದಪ್ಪದ ಸ್ಟೀಲ್ ಎಳೆ, ಅಷ್ಟೇ.

ಮಂಡಿನೋವು ಅಂತ ಬಂದಿದ್ದ ಒಬ್ಬ ಅಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಮಲಗಿದ್ದರು. ಮೂರು ಸೂಜಿ ಇಳಿದ ಮೇಲೂ "ಇನ್ನೂ ಶುರು ಮಾಡಿಲ್ವಾ?" ಅಂತ ಕೇಳಿದರು. ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಕಾಲಿನ ಮೂಳೆಯ ಹೊರಬದಿಗೆ ಒಂದು ಬಿಂದು ಇದೆ. ಚೀನೀ ಹೆಸರು ಜು ಸಾನ್ ಲಿ. ಅಲ್ಲಿ ಸೂಜಿಯನ್ನು ಸ್ವಲ್ಪ ತಿರುಗಿಸಿದಾಗ ಮಾತ್ರ ಅವರ ಹುಬ್ಬು ಗಂಟಾಯಿತು. "ಚುಚ್ಚಿದ ಹಾಗಲ್ಲ, ಒಳಗೆ ಯಾರೋ ಬೆರಳಿಟ್ಟು ಅದುಮಿದ ಹಾಗೆ" ಅಂದರು. ನಮಗೆ ಬೇಕಾದದ್ದು ಆ ಭಾರ, ಆ ಜೋಮೇ.

ಸ್ನಾಯುವಿನೊಳಗಿನ ನರಗಳ ಈ ಸುದ್ದಿ ಬೆನ್ನುಹುರಿಗೆ, ಅಲ್ಲಿಂದ ಮೆದುಳಿಗೆ ಹೋಗುತ್ತದೆ. ಮೆದುಳು ತನ್ನದೇ ನೋವುನಿವಾರಕವಾದ ಎಂಡಾರ್ಫಿನ್ ಬಿಡುತ್ತದೆ. 1970ರ ದಶಕದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ನಾಲೊಕ್ಸೋನ್ ಎಂಬ ಮದ್ದು ಮಾರ್ಫಿನ್ ಎಂಬ ಬಲವಾದ ನೋವುನಿವಾರಕದ ಕೆಲಸವನ್ನೂ, ಅದರ ಹಾಗೇ ಕೆಲಸ ಮಾಡುವ ಎಂಡಾರ್ಫಿನ್‌ನ ಕೆಲಸವನ್ನೂ ತಡೆಯುತ್ತದೆ. ಅದನ್ನು ಕೊಟ್ಟಾಗ ಕೆಲವು ಪ್ರಯೋಗಗಳಲ್ಲಿ ಸೂಜಿಯಿಂದ ಇಳಿದಿದ್ದ ನೋವು ಮತ್ತೆ ಏರಿತು.

ಕಾಲೇಜಿನಲ್ಲಿ ನಾವು ಮೊದಲು ಕಲಿತದ್ದು ಬೇರೆ ಕಥೆ. ಮೈಯಲ್ಲಿ 'ಚಿ' ಎಂಬ ಶಕ್ತಿ ಹರಿಯುವ ದಾರಿಗಳಿವೆ, ಅವು ಕಟ್ಟಿಕೊಂಡರೆ ನೋವು ಅಂತ. ಬಿಂದುಗಳನ್ನು ನೆನಪಿಡಲು ಆ ನಕ್ಷೆ ನನಗೆ ಇವತ್ತಿಗೂ ಬೇಕು. ಆದರೆ ದೇಹ ಕೊಯ್ದು ನೋಡಿದರೆ ಅಂಥ ದಾರಿ ಸಿಗುವುದಿಲ್ಲ.

ನಮ್ಮ ಕಸುಬಿನವರಿಗೆ ಇರುಸುಮುರುಸು ತರುವ ಒಂದು ಜರ್ಮನ್ ಅಧ್ಯಯನ ಇದೆ. 2007ರಲ್ಲಿ ಬಂದದ್ದು. ಹಳೆಯ ಸೊಂಟನೋವಿನ 1,162 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಸರಿಯಾದ ಬಿಂದುಗಳಲ್ಲಿ ಸೂಜಿ. ಇನ್ನೊಂದಕ್ಕೆ ಬಿಂದುವೇ ಅಲ್ಲದ ಕಡೆ, ಮೇಲುಮೇಲೆ. ಮೂರನೆಯದಕ್ಕೆ ಮಾತ್ರೆ, ವ್ಯಾಯಾಮದ ಮಾಮೂಲು ಚಿಕಿತ್ಸೆ. ಆರು ತಿಂಗಳಾದ ಮೇಲೆ ಮೊದಲ ಗುಂಪಿನಲ್ಲಿ ಶೇ. 47.6 ಜನರಿಗೆ ಗುಣ ಕಂಡಿತ್ತು, ಎರಡನೆಯದರಲ್ಲಿ ಶೇ. 44.2, ಮೂರನೆಯದರಲ್ಲಿ ಶೇ. 27.4. ಅಂದರೆ ಸೂಜಿಯಿಂದ ಉಪಯೋಗ ಆಯಿತು, ಎಲ್ಲಿ ಚುಚ್ಚಿದರು ಅನ್ನುವುದು ಅಷ್ಟೇನೂ ಲೆಕ್ಕಕ್ಕೆ ಬರಲಿಲ್ಲ! 2018ರಲ್ಲಿ ಹಲವು ಅಧ್ಯಯನಗಳ ಸುಮಾರು 20,000 ರೋಗಿಗಳ ಲೆಕ್ಕ ಒಟ್ಟು ಹಾಕಿದಾಗ ಸರಿಯಾದ ಸೂಜಿ ತೋರಿಕೆಯ ಸೂಜಿಗಿಂತ ಸ್ವಲ್ಪ ಮುಂದೆ ಇತ್ತು. ಸ್ವಲ್ಪವೇ. ಇಪ್ಪತ್ತು ನಿಮಿಷ ಸುಮ್ನೆ ಮಲಗುವುದು, ಯಾರೋ ನಿಮ್ಮ ನೋವಿನ ಕಥೆ ಕೇಳುವುದು, ಕಡಿಮೆಯಾಗುತ್ತೆ ಅನ್ನುವ ನಂಬಿಕೆ, ಇವೂ ಕೆಲಸ ಮಾಡುತ್ತವೆ ಅಂತ ನನಗೆ ಅನಿಸುತ್ತದೆ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆ ಇಲ್ಲ. ಗುಟ್ಟಿನ ಬಿಂದು ಗೊತ್ತಿದೆ, ಒಂದೇ ಸೂಜಿಗೆ ಗುಣ ಅನ್ನುವವರ ಹತ್ತಿರ ಮಾತ್ರ ಹುಷಾರು.

ಮತ್ತೆ ಆ ಅಮ್ಮನ ವಿಷಯ. ಆರನೇ ಸಲಕ್ಕೆ ಮೆಟ್ಟಿಲು ಹತ್ತಿ ಇಳಿಯುವಷ್ಟಾದರು. ತೊಡೆಗೆ ಬಲ ಬರುವ ವ್ಯಾಯಾಮ ಹೇಳಿಕೊಟ್ಟಿದ್ದೆ. ಮಾಡಲಿಲ್ಲ. "ನೋವೇ ಇಲ್ವಲ್ಲ, ಇನ್ಯಾಕೆ?" ಎರಡು ತಿಂಗಳಿಗೆ ಮಂಡಿ ಹಿಡಿದುಕೊಂಡು ವಾಪಸ್. ಸವೆದ ಮಂಡಿಯನ್ನು ಸೂಜಿ ಮೊದಲಿನ ಹಾಗೆ ಮಾಡುವುದಿಲ್ಲ. ನೋವು ತಗ್ಗಿ ಕಾಲು ಆಡಿಸಲು ಆಗುತ್ತದಲ್ಲ, ಆ ಕೆಲವು ವಾರಗಳಲ್ಲಿ ಸ್ನಾಯು ಗಟ್ಟಿ ಮಾಡಿಕೊಳ್ಳಬೇಕು. ಈ ಸಲ ವ್ಯಾಯಾಮವನ್ನು ನನ್ನ ಎದುರಿಗೇ ಮಾಡಿಸಿದೆ. ಐದಾರು ಸಲ ಬಂದರೂ ಏನೂ ವ್ಯತ್ಯಾಸ ಕಾಣದವರಿಗೆ ನಾನೇ ಸಾಕು ಅನ್ನುತ್ತೇನೆ.

ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ಕರೆಂಟ್ ಕೊಡುವ ವಿಧಾನ ಬೇಡ. ಒಮ್ಮೆ ಬಳಸಿ ಬಿಸಾಡುವ ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರಿಗೇ ಒಡೆಯಬೇಕು. ಎದೆ, ಭುಜದ ಭಾಗದಲ್ಲಿ ಚುಚ್ಚಿಸಿಕೊಂಡ ಮೇಲೆ ಉಸಿರಾಟ ಕಷ್ಟವಾದರೆ ಅಪರೂಪಕ್ಕೆ ಶ್ವಾಸಕೋಶಕ್ಕೆ ತಾಗಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ. ಸೊಂಟನೋವಿನ ಜೊತೆ ಕಾಲಿನ ಬಲ ಹೋಗುತ್ತಿದ್ದರೆ ಅಥವಾ ಮೂತ್ರದ ಹಿಡಿತ ತಪ್ಪಿದ್ದರೆ ನನ್ನ ಹತ್ತಿರ ಬರಲೇಬೇಡಿ, ಸೀದಾ ದೊಡ್ಡಾಸ್ಪತ್ರೆಗೆ ನಡೆಯಿರಿ.

ಹಾಂ, ಬರುವಾಗ ತಿಂಡಿ ತಿಂದು ಬನ್ನಿ. ರಕ್ತಪರೀಕ್ಷೆ ಥರ ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂದುಕೊಂಡು ಬರುವವರು ಜಾಸ್ತಿ, ತಲೆ ಸುತ್ತುವುದೂ ಅವರಿಗೇ. ಅಂಥವರನ್ನು ಪಕ್ಕದ ಹೋಟೆಲಿಗೆ ಕಳಿಸಿ, ಎರಡು ಇಡ್ಲಿ ತಿಂದು ಬಂದ ಮೇಲೇ ಸೂಜಿ ಕೈಗೆತ್ತಿಕೊಳ್ಳುತ್ತೇನೆ.