ಬೇಸಿಗೆಯಲ್ಲಿ ನಿಂತ ಧರೆ

ಗುಡ್ಡ ಕುಸಿದ ಮೇಲೆ ತಯಾರಾಗುವ ವರದಿಗಳಲ್ಲಿ 'ಕಾರಣ' ಎಂಬ ಕಲಮಿನ ಎದುರು ಸಾಮಾನ್ಯವಾಗಿ ಎರಡೇ ಪದ ಇರುತ್ತವೆ: ಅತಿಯಾದ ಮಳೆ. ಸುಳ್ಳೇನೂ ಅಲ್ಲ. ಮಳೆ ಸುರಿಯದಿದ್ದರೆ ಆ ದಿನ ಆ ಗುಡ್ಡ ಕುಸಿಯುತ್ತಿರಲಿಲ್ಲ. ಆದರೆ ಅದೇ ರಾತ್ರಿ ಅಷ್ಟೇ ಮಳೆ ಪಕ್ಕದ ಗುಡ್ಡದ ಮೇಲೂ ಬಿದ್ದಿರುತ್ತದೆ, ಅದು ಅಲ್ಲಾಡದೆ ನಿಂತಿರುತ್ತದೆ. ಇಳಿಜಾರುಗಳ ಭದ್ರತೆ ನೋಡುವುದೇ ವೃತ್ತಿಯಾದ ನನ್ನಂಥ ಎಂಜಿನಿಯರಿಗೆ ಕೆಲಸ ಶುರುವಾಗುವುದು ಇಲ್ಲಿಂದ. ಇದು ಬಿತ್ತು, ಅದು ಬೀಳಲಿಲ್ಲ, ಯಾಕೆ?

ಮಲೆನಾಡು ಮತ್ತು ಕರಾವಳಿಯ ಬಹುತೇಕ ಗುಡ್ಡಗಳ ಹೊಟ್ಟೆಯೊಳಗೆ ಇರುವುದು ಗಟ್ಟಿ ಬಂಡೆಯಲ್ಲ. ಲಕ್ಷಾಂತರ ವರ್ಷಗಳ ಮಳೆ ಬಿಸಿಲಿಗೆ ಬಂಡೆ ಕೊಳೆತು ಮಣ್ಣಾಗಿ, ಹಲವು ಮೀಟರ್ ದಪ್ಪಕ್ಕೆ ಕೂತಿದೆ. ಕರಾವಳಿಯಲ್ಲಾದರೆ ಮೇಲೆ ಮುರಕಲ್ಲಿನ ಗಟ್ಟಿ ಚಪ್ಪಡಿ, ಅದರ ಕೆಳಗೆ ಶೇಡಿ ಮಣ್ಣು. ಒಣಗಿದಾಗ ಶೇಡಿ ಮಣ್ಣು ಪಿಕಾಸಿಗೂ ಜಗ್ಗುವುದಿಲ್ಲ, ನೆನೆದರೆ ಬೆರಳಿನಲ್ಲಿ ಕೆದಕಬಹುದು. ಮಣ್ಣಿನ ಕಣಗಳ ನಡುವಿನ ತೇವಾಂಶ ಅಲ್ಪವಾಗಿದ್ದಾಗ ಅದು ಕಣಗಳನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ. ನೀರು ತುಂಬುತ್ತ ಹೋದಂತೆ ಆ ಹಿಡಿತ ಸಡಿಲವಾಗುತ್ತದೆ, ಪೂರ್ತಿ ತುಂಬಿದಾಗ ಎಳೆಯುತ್ತಿದ್ದ ನೀರೇ ಕಣಗಳನ್ನು ದೂಡಲು ಶುರುಮಾಡುತ್ತದೆ.

ಈಗ ಜೆಸಿಬಿ ಬರುವ ಸಮಯ ನೋಡಿ. ಜನವರಿಯಿಂದ ಏಪ್ರಿಲ್‌ವರೆಗೆ. ಮಣ್ಣು ತನ್ನ ಅತ್ಯಂತ ಬಲಿಷ್ಠ ಸ್ಥಿತಿಯಲ್ಲಿ ಇರುವಾಗಲೇ ಅದನ್ನು ಕಡಿಯುತ್ತೇವೆ. ಆರು ಮೀಟರ್ ಎತ್ತರದ ಧರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಬದಿ, ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಗುತ್ತಿಗೆದಾರರು ಅದರ ಮೇಲೆ ಕೈಯಿಟ್ಟು, 'ಕಲ್ಲಿನ ಹಾಗಿದೆ ಸರ್, ಏನೂ ಆಗುವುದಿಲ್ಲ' ಎನ್ನುತ್ತಾರೆ. ಅವರು ನೋಡಿದ್ದು ಸರಿಯೇ. ಆ ಮಣ್ಣನ್ನು ಆಗಸ್ಟ್‌ನಲ್ಲಿ ನೋಡಿಲ್ಲ, ಅಷ್ಟೇ.

ಮೊದಲ ಮಳೆಗಾಲದಲ್ಲಿಯೇ ಧರೆ ಬಿದ್ದುಬಿಟ್ಟರೆ ಎಲ್ಲರಿಗೂ ಪಾಠವಾಗುತ್ತಿತ್ತು. ಹಾಗಾಗುವುದು ಕಡಿಮೆ. ಬುಡ ಕಳೆದುಕೊಂಡ ಇಳಿಜಾರು ನಿಧಾನವಾಗಿ ಹೊರಕ್ಕೆ ವಾಲುತ್ತದೆ, ಮೇಲ್ಗಡೆ ಕೂದಲೆಳೆಯಂಥ ಬಿರುಕು ಮೂಡುತ್ತದೆ, ಮರುವರ್ಷ ಅದರಲ್ಲಿ ನೀರು ಇಳಿಯುತ್ತದೆ. ಜಾಗ ಸಮ ಮಾಡುವಾಗ ಕಡಿದ ಮರಗಳ ಬೇರುಗಳು ನೆಲದೊಳಗೆ ಇನ್ನೂ ಕೆಲವು ವರ್ಷ ಮಣ್ಣನ್ನು ಹಿಡಿದಿರುತ್ತವೆ, ಆಮೇಲೆ ಅವೂ ಕೊಳೆಯುತ್ತವೆ. ಹೀಗೆ ಕಡಿತಕ್ಕೂ ಕುಸಿತಕ್ಕೂ ನಡುವೆ ಐದಾರು ವರ್ಷ ದಾಟಿರಬಹುದು. ಅಷ್ಟರಲ್ಲಿ ಜಾಗ ಕೈ ಬದಲಾಗಿರುತ್ತದೆ, ಎಂಜಿನಿಯರಿಗೆ ವರ್ಗವಾಗಿರುತ್ತದೆ, ಗುತ್ತಿಗೆಯ ಕಡತ ಮುಚ್ಚಿರುತ್ತದೆ. ಕುಸಿದ ದಿನ ಸ್ಥಳದಲ್ಲಿ ಸಿಗುವ ಆರೋಪಿ ಮಳೆ ಒಂದೇ. ನಮ್ಮ ನಿರ್ಲಕ್ಷ್ಯ ಇಷ್ಟು ಕಾಲ ಸುರಕ್ಷಿತವಾಗಿ ಉಳಿದಿರುವುದು ಈ ವಿಳಂಬದಿಂದಾಗಿ ಎಂಬುದು ನನ್ನ ಅಭಿಪ್ರಾಯ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಗಂಗಾವಳಿ ನದಿ, ನಡುವಿನ ಕಿರಿದಾದ ಜಾಗದಲ್ಲಿ ಅಗಲಗೊಂಡ ರಾಷ್ಟ್ರೀಯ ಹೆದ್ದಾರಿ 66. ಅಗಲ ಮಾಡಲು ಗುಡ್ಡದ ಬುಡವನ್ನೇ ಕಡಿಯಲಾಗಿತ್ತು. ಕುಸಿದ ಮಣ್ಣು ರಸ್ತೆ ಬದಿಯ ಚಹಾದಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಎಳೆದುಕೊಂಡು ನದಿಗೆ ಇಳಿಯಿತು. ಅಲ್ಲಿಗೆ ಮುಗಿಯಲಿಲ್ಲ. ನದಿಗೆ ಬಿದ್ದ ಮಣ್ಣಿನ ರಭಸಕ್ಕೆ ನೀರು ಉಕ್ಕಿ ಎದುರು ದಡದ ಉಳುವರೆಯ ಮನೆಗಳನ್ನು ಅಪ್ಪಳಿಸಿತು. ಕುಸಿದ ಗುಡ್ಡಕ್ಕೂ ಆ ಮನೆಗಳಿಗೂ ನಡುವೆ ಒಂದಿಡೀ ನದಿ ಇತ್ತು. ಅಪಾಯ ತಮ್ಮ ಕಡೆಗೂ ಇದೆ ಎಂದು ಅಲ್ಲಿನವರು ಎಣಿಸಿರುವ ಸಾಧ್ಯತೆಯೇ ಇಲ್ಲ. ಹೂತುಹೋದ ಒಂದು ಲಾರಿ ನದಿಯ ತಳದಿಂದ ಹೊರಬಂದದ್ದು ಎರಡು ತಿಂಗಳು ಕಳೆದ ಮೇಲೆ, ಸೆಪ್ಟೆಂಬರ್ ಕೊನೆಗೆ.

ಹೆದ್ದಾರಿಯ ಬದಿಗಳನ್ನು ಇಷ್ಟು ಕಡಿದಾಗಿ ಯಾಕೆ ಬಿಡುತ್ತಾರೆ ಎಂದು ಜನ ಕೇಳುತ್ತಾರೆ. ಉತ್ತರ ಬಹಳ ಸರಳವಾದ ಲೆಕ್ಕದಲ್ಲಿದೆ. ಹತ್ತು ಮೀಟರ್ ಎತ್ತರದ ಬದಿಯನ್ನು ನೆಟ್ಟಗೆ ಕಡಿದರೆ ಮೇಲ್ಗಡೆ ಹೆಚ್ಚುವರಿ ಜಾಗ ಬೇಕಾಗುವುದಿಲ್ಲ. 45 ಡಿಗ್ರಿಗೆ ಇಳಿಸಿದರೆ, ಮೇಲಿನ ನೆಲ ಸಮತಟ್ಟಾಗಿದ್ದರೂ ಇನ್ನೂ ಹತ್ತು ಮೀಟರ್ ಅಗಲದ ಪಟ್ಟಿ ಬೇಕು. ಗುಡ್ಡ ಏರುತ್ತಲೇ ಹೋಗುವುದರಿಂದ ವಾಸ್ತವದಲ್ಲಿ ಅದಕ್ಕಿಂತಲೂ ಹೆಚ್ಚು. ಅದಕ್ಕೆ ಭೂಸ್ವಾಧೀನ ಬೇಕು, ಅರಣ್ಯವಾದರೆ ಅನುಮತಿ ಬೇಕು, ವರ್ಷಗಟ್ಟಲೆ ಕಾಯಬೇಕು. ಹೀಗಾಗಿ ಕೈಯಲ್ಲಿರುವ ಜಾಗದಲ್ಲೇ ರಸ್ತೆಯನ್ನು ತುರುಕುತ್ತಾರೆ, ಉಳಿದದ್ದನ್ನು ಗುಡ್ಡ ಸಹಿಸಿಕೊಳ್ಳಬೇಕು. ಅಗಲ ಸಿಗದ ಕಡೆ ನಾಲ್ಕು ಪಥ ಬೇಡ ಎಂದು ಹೇಳುವ ಧೈರ್ಯ ಯಾವ ಸಭೆಯಲ್ಲೂ ಯಾರಿಗೂ ಬರುವುದಿಲ್ಲ.

ಕಡಿತಕ್ಕಿಂತಲೂ ನನಗೆ ಹೆಚ್ಚು ಸಿಟ್ಟು ಬರಿಸುವುದು ನೀರಿನ ವಿಷಯ. ಒಂದು ಎಕರೆಯ ಮೇಲೆ ನೂರು ಮಿಲಿಮೀಟರ್ ಮಳೆ ಎಂದರೆ ಸುಮಾರು ನಾಲ್ಕು ಲಕ್ಷ ಲೀಟರ್ ನೀರು. ಮಲೆನಾಡಿನಲ್ಲಿ ಅಂಥ ದಿನಗಳು ಪ್ರತಿ ಮಳೆಗಾಲದಲ್ಲೂ ಬರುತ್ತವೆ. ಆ ನೀರಿಗೆ ಗುಡ್ಡ ತನ್ನದೇ ದಾರಿಗಳನ್ನು ಮಾಡಿಕೊಂಡಿರುತ್ತದೆ: ಬೇಸಿಗೆಯಲ್ಲಿ ಒಣಗಿದ ಗೆರೆಯಂತೆ ಕಾಣುವ ತೋಡುಗಳು, ಆಷಾಢದಲ್ಲಿ ಮಾತ್ರ ಜಿನುಗುವ ಒರತೆಗಳು. ನಿವೇಶನ ಸಮ ಮಾಡುವವರಿಗೆ ಅವು ಕಣ್ಣಿಗೆ ಬೀಳುವುದಿಲ್ಲ. ಕಡಿದ ಮಣ್ಣನ್ನು ಸುರಿಯುವುದೂ ಅದೇ ತೋಡಿನೊಳಕ್ಕೆ, ಹೇಗೂ ಅದು ತಗ್ಗು ಜಾಗವಲ್ಲವೇ! ದಾರಿ ಮುಚ್ಚಿಹೋದ ನೀರು ಮಣ್ಣಿನೊಳಗೆ ಇಳಿಯುತ್ತದೆ.

ತಡೆಗೋಡೆ ಕಟ್ಟಿದ್ದೇವೆ ಎನ್ನುವವರ ಮನೆಯಲ್ಲಿ ನಾನು ಮೊದಲು ನೋಡುವುದು ಗೋಡೆಯ ತೂತುಗಳನ್ನು. ಹಿಂದಿನ ಮಣ್ಣಿನ ನೀರು ಹೊರಬರಲೆಂದು ಅಲ್ಲಲ್ಲಿ ಕೊಳವೆ ತುಂಡುಗಳನ್ನು ಇಟ್ಟಿರುತ್ತಾರೆ. ಮಳೆಗಾಲದಲ್ಲಿ ಅವುಗಳಿಂದ ಕೆಂಪು ನೀರು ಸುರಿದು ಅಂಗಳದ ಹೆಂಚು ಕಲೆಯಾಗುತ್ತದೆ, ಬಳಿದ ಬಣ್ಣ ಹಾಳಾಗುತ್ತದೆ. ಅದಕ್ಕಾಗಿ ಸಿಮೆಂಟು ಮೆತ್ತಿ ಮುಚ್ಚಿಬಿಟ್ಟಿರುತ್ತಾರೆ. ಇನ್ನು ಕೆಲವು ಕಡೆ ತೂತು ತೆರೆದೇ ಇರುತ್ತದೆ, ಆದರೆ ಹಿಂದೆ ಜಲ್ಲಿ ತುಂಬದೆ ನೇರವಾಗಿ ಜೇಡಿ ಮಣ್ಣನ್ನೇ ಒತ್ತಿರುತ್ತಾರೆ. ಕಡ್ಡಿ ಹಾಕಿದರೆ ಗೇಣುದ್ದ ಹೋಗಿ ನಿಲ್ಲುತ್ತದೆ. ಅಂಥ ಗೋಡೆ ಮಣ್ಣಿನ ಭಾರದ ಜೊತೆಗೆ ತನ್ನಷ್ಟೇ ಎತ್ತರದ ನೀರಿನ ಒತ್ತಡವನ್ನೂ ಹೊರಬೇಕು, ಅದಕ್ಕಾಗಿ ಅದನ್ನು ಯಾರೂ ವಿನ್ಯಾಸ ಮಾಡಿರುವುದಿಲ್ಲ. ಇಷ್ಟರ ಮೇಲೆ ಮನೆಯ ತಾರಸಿಯ ನೀರನ್ನೂ ಬಚ್ಚಲ ಗುಂಡಿಯನ್ನೂ ಧರೆಯ ನೆತ್ತಿಗೇ ಬಿಟ್ಟಿರುವ ಮನೆಗಳು ಎಷ್ಟೋ ಇವೆ.

ಒಳ್ಳೆಯ ಉದ್ದೇಶದಿಂದಲೂ ಅನಾಹುತ ಆಗಬಹುದು. ಬಯಲುಸೀಮೆಯಲ್ಲಿ ಇಂಗುಗುಂಡಿ ವರದಾನ. ಅದೇ ಇಂಗುಗುಂಡಿಯನ್ನು ಕಡಿದಾದ, ಆಳವಾದ ಮಣ್ಣಿನ ಇಳಿಜಾರಿನಲ್ಲಿ ತೋಡಿದರೆ ಹರಿದುಹೋಗಬೇಕಾದ ನೀರನ್ನು ಹಿಡಿದು ಗುಡ್ಡಕ್ಕೆ ಕುಡಿಸಿದಂತೆ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬಳಿ ಗುಡ್ಡ ಕುಸಿದು ಅರ್ಚಕರ ಮನೆ ಕೊಚ್ಚಿಹೋದ ನಂತರ ಅಲ್ಲಿನ ಇಂಗುಗುಂಡಿಗಳ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಮಳೆನೀರು ಇಂಗಿಸಿ ಎಂಬ ಘೋಷಣೆಗೆ ನೆಲದ ಗುಣ ನೋಡಿ ಎಂಬ ಷರತ್ತು ಅಂಟಿಕೊಳ್ಳಲೇ ಇಲ್ಲ.

2018ರಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು, ಮೊಣ್ಣಂಗೇರಿ ಸುತ್ತ ಗುಡ್ಡಗಳು ಸಾಲುಸಾಲಾಗಿ ಜಾರಿದಾಗ, ಒಂದು ತಿಂಗಳ ಹಿಂದೆ ಆಗಿದ್ದ ಸಣ್ಣ ಭೂಕಂಪನವೇ ಕಾರಣ ಎಂಬ ಮಾತು ಬಹಳ ಓಡಾಡಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಪರಿಶೀಲಿಸಿ ಬೊಟ್ಟು ಮಾಡಿದ್ದು ಮಳೆಯ ಜೊತೆಗೆ ರಸ್ತೆ, ಮನೆಗಳಿಗಾಗಿ ಇಳಿಜಾರನ್ನು ಮನಬಂದಂತೆ ಕಡಿದದ್ದರ ಕಡೆಗೆ. ಕಂಪನದ ಕಥೆಗೆ ಸಿಕ್ಕಷ್ಟು ಕೇಳುಗರು ಆ ಮಾತಿಗೆ ಸಿಗಲಿಲ್ಲ. ಭೂಕಂಪನಕ್ಕೆ ಯಾರೂ ಹೊಣೆಯಲ್ಲವಲ್ಲ.

ಎಲ್ಲ ಕುಸಿತಕ್ಕೂ ಜೆಸಿಬಿಯೇ ಕಾರಣ ಎಂದು ನಾನು ಹೇಳುತ್ತಿಲ್ಲ. 2024ರ ಜುಲೈ 30ರ ವಯನಾಡು ದುರಂತ ಶುರುವಾದದ್ದು ಊರಿನಿಂದ ಬಹಳ ಮೇಲೆ, ಕಾಡಿನೊಳಗಿನ ಕಡಿದಾದ ಇಳಿಜಾರಿನಲ್ಲಿ. ಅಲ್ಲಿ ಹೊರಟ ಕೆಸರು, ಬಂಡೆಗಳ ಪ್ರವಾಹ ಸುಮಾರು 8 ಕಿಲೋಮೀಟರ್ ಹರಿದು ಮುಂಡಕ್ಕೈ, ಚೂರಲ್‌ಮಲವನ್ನು ಅಳಿಸಿಹಾಕಿತು. ಅಂಥ ಕುಸಿತವನ್ನು ತಡೆಯುವ ಗೋಡೆ ಯಾರ ಬಳಿಯೂ ಇಲ್ಲ. ಆದರೆ 1984ರಲ್ಲೂ ಮುಂಡಕ್ಕೈಯಲ್ಲಿ ಭೂಕುಸಿತವಾಗಿ ಜನ ಸತ್ತಿದ್ದರು, 2019ರಲ್ಲಿ ಹತ್ತಿರದ ಪುತ್ತುಮಲ ಕುಸಿದಿತ್ತು. ಆ ಕಣಿವೆ ತನ್ನ ಸ್ವಭಾವವನ್ನು ಮೊದಲೇ ತೋರಿಸಿಕೊಟ್ಟಿದ್ದರೂ ಮನೆಗಳು ಹೊಳೆಯ ದಡದಲ್ಲೇ ಇದ್ದವು. ಇಲ್ಲಿ ನಿರ್ಲಕ್ಷ್ಯ ಗುಡ್ಡದ ಬುಡದಲ್ಲಿರಲಿಲ್ಲ, ಮನೆ ಎಲ್ಲಿರಬೇಕು ಎಂಬ ತೀರ್ಮಾನದಲ್ಲಿತ್ತು.

ಪ್ರತಿ ದುರಂತದ ನಂತರ, ಪಶ್ಚಿಮ ಘಟ್ಟದ ಯಾವ ಭಾಗ ಪರಿಸರ ಸೂಕ್ಷ್ಮ ಎಂದು ಗೆರೆ ಎಳೆದ ಗಾಡ್ಗೀಳ್ ವರದಿ, ಕಸ್ತೂರಿರಂಗನ್ ವರದಿ ಎಂದು ವಾದ ಎದ್ದೇಳುತ್ತದೆ. ಮೊದಲನೆಯದು 2011ರದ್ದು, ಎರಡನೆಯದು 2013ರದ್ದು, ಅಂತಿಮ ಅಧಿಸೂಚನೆಗಾಗಿ ಇಷ್ಟು ವರ್ಷ ಎಳೆದಾಟ. ಆ ಗೆರೆಗಳು ಬೇಕು ಎಂಬ ಪಕ್ಷದವನೇ ನಾನು. ಆದರೂ ನಾನು ನೋಡುವ ಬಹುಪಾಲು ಧರೆಗಳು ಆ ಗೆರೆ ಎಲ್ಲಿ ಎಳೆದರೂ ಕುಸಿಯುವಂಥವೇ. ಭೂ ಪರಿವರ್ತನೆಯ ಅರ್ಜಿಗೆ ಲಗತ್ತಿಸುವ ಸರ್ವೆ ನಕ್ಷೆಯಲ್ಲಿ ಉದ್ದ ಅಗಲ ಇರುತ್ತದೆ, ಎತ್ತರ ಇರುವುದಿಲ್ಲ. ಅದನ್ನು ನೋಡಿದವರಿಗೆ ಜಾಗ ಗದ್ದೆಯೋ ಗುಡ್ಡದ ನೆತ್ತಿಯೋ ತಿಳಿಯುವುದಿಲ್ಲ. ಭೂಕುಸಿತ ಸಾಧ್ಯತೆಯ ನಕ್ಷೆಗಳನ್ನು ಸರ್ವೇಕ್ಷಣಾ ಸಂಸ್ಥೆ 1:50,000 ಪ್ರಮಾಣದಲ್ಲಿ ಮಾಡಿದೆ, ಒಳ್ಳೆಯ ಕೆಲಸವೇ. ಆದರೆ ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ಅರ್ಧ ಕಿಲೋಮೀಟರ್. ಒಂದು ಮನೆಯ ನಿವೇಶನ ಅಲ್ಲಿ ಪೆನ್ನಿನ ಚುಕ್ಕೆಗಿಂತ ಚಿಕ್ಕದು. ಮೂರು ಮೀಟರಿಗಿಂತ ಎತ್ತರ ಕಡಿಯುವ ಪ್ರತಿಯೊಬ್ಬರಿಂದಲೂ ಇಳಿಜಾರಿನ ಅಡ್ಡಕೊಯ್ತದ ಚಿತ್ರ ಮತ್ತು ನೀರು ಹೋಗುವ ದಾರಿಯ ವಿವರ ಕೇಳಿದರೆ ಸಾಕು, ಅರ್ಧ ಕೆಲಸ ಆಗುತ್ತದೆ. ಇದಕ್ಕೆ ಹೊಸ ಆಯೋಗವೇನೂ ಬೇಡ.

ಈಗಾಗಲೇ ಧರೆಯ ಬುಡದಲ್ಲಿ ಮನೆ ಕಟ್ಟಿಕೊಂಡವರು ಮೇ ತಿಂಗಳಲ್ಲೇ ಒಮ್ಮೆ ಧರೆಯ ನೆತ್ತಿಗೆ ಹತ್ತಿ ನೋಡಬೇಕು. ಬಿರುಕು ಇದ್ದರೆ ಜೇಡಿ ಮಣ್ಣು ಮೆತ್ತಿ ಗಟ್ಟಿಯಾಗಿ ದಮ್ಮಸು ಮಾಡಿ, ಮೇಲಿನಿಂದ ಬರುವ ನೀರು ಅದರೊಳಗೆ ಇಳಿಯದಂತೆ ಬಸಿಗಾಲುವೆ ತೆಗೆದು ಪಕ್ಕದ ತೋಡಿಗೆ ತಿರುಗಿಸಬೇಕು. ಬಿರುಕಿನ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು ನಡುವಿನ ಅಂತರ ಬರೆದಿಟ್ಟುಕೊಳ್ಳಿ, ಮಳೆ ಜೋರಾದಾಗ ಮತ್ತೆ ಅಳೆಯಿರಿ. ಅಂತರ ಹೆಚ್ಚುತ್ತಿದ್ದರೆ, ನೆಟ್ಟಗಿದ್ದ ಅಡಿಕೆ ಮರ ವಾಲಿದರೆ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿದರೆ, ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಾದರೆ ಅಥವಾ ಮಳೆ ಸುರಿಯುತ್ತಿರುವಾಗಲೇ ಇದ್ದಕ್ಕಿದ್ದಂತೆ ನಿಂತುಬಿಟ್ಟರೆ, ತಹಶೀಲ್ದಾರರ ನೋಟಿಸಿಗೆ ಕಾಯದೆ ಮನೆ ಬಿಡಿ. ಒರತೆ ನಿಂತದ್ದನ್ನು ಕಂಡು ನೀರು ಕಡಿಮೆಯಾಯಿತೆಂದು ಸಮಾಧಾನಪಟ್ಟುಕೊಳ್ಳುವವರನ್ನು ನೋಡಿದ್ದೇನೆ. ನೀರು ಕಡಿಮೆಯಾಗಿರುವುದಿಲ್ಲ, ಅದು ಹೊರಬರುವ ದಾರಿ ಒಳಗೆಲ್ಲೋ ಮುಚ್ಚಿಹೋಗಿರುತ್ತದೆ.