ಪಿಯಾನೊ ಒಳಗಿನ ಬೋಲ್ಟು, ತಬಲಾ ಮೇಲಿನ ಶಾಹಿ

ತಂತಿಗಳ ನಡುವೆ ಬೋಲ್ಟು, ಸ್ಕ್ರೂ, ರಬ್ಬರ್ ಸಿಕ್ಕಿಸಿದ ಪ್ರಿಪೇರ್ಡ್ ಪಿಯಾನೊ ಬಗ್ಗೆ ಧಾರವಾಡದ ಸಂಗೀತಪ್ರಿಯರಿಗೆ ಹೇಳಿ ನೋಡಿ. 'ಅಷ್ಟು ತುಟ್ಟಿ ವಾದ್ಯ ಯಾಕ ಕೆಡಸ್ತಾರ್ರೀ?' ಅಂತಾರೆ. ಕೆಡಿಸುವುದಲ್ಲ, ಅದನ್ನು ತಾಳವಾದ್ಯ ಮಾಡುವುದು. 1940ರಲ್ಲಿ ಸಿಯಾಟಲ್‌ನಲ್ಲಿ ಅಮೆರಿಕದ ಸಂಗೀತ ರಚನೆಕಾರ ಜಾನ್ ಕೇಜ್ ಒಂದು ನೃತ್ಯಕ್ಕೆ ಸಂಗೀತ ಕೊಡಬೇಕಿತ್ತು. ತಾಳವಾದ್ಯಗಳ ಮೇಳಕ್ಕೆ ರಂಗದ ಮೇಲೆ ಜಾಗವಿರಲಿಲ್ಲ, ಇದ್ದದ್ದು ಒಂದು ಪಿಯಾನೊ. ಇಡೀ ಮೇಳವನ್ನೇ ಅದರೊಳಗೆ ತುರುಕಿದರು! (ಮುಂದೆ ಭಾರತದ ಸಂಗೀತಗಾರ್ತಿ ಗೀತಾ ಸಾರಾಭಾಯಿ ಅವರಿಂದ ನಮ್ಮ ಸಂಗೀತ ಅರಿತರು. ಇದೇ ಪಿಯಾನೊಗೆ ಅವರು ಬರೆದ 1946–48ರ 'ಸೊನಾಟಾಸ್ ಅಂಡ್ ಇಂಟರ್‌ಲೂಡ್ಸ್' ಹಿಂದೆ ನವರಸಗಳಿವೆ.)

ಹಾಗಾದರೆ ಆ ಸಂಗೀತವನ್ನು ಮತ್ತೆ ತಾಳವಾದ್ಯಗಳಿಗೆ ತರುವುದು ಸುಲಭ, ಅಲ್ವಾ? ಅಲ್ಲ. ಹಾಳೆಯ ಮೇಲಿನ ಸ್ವರ ಬೆರಳಿಗೆ ದಾರಿ ತೋರಿಸುತ್ತದೆ, ಅಷ್ಟೇ. ಕಿವಿಗೆ ಬೀಳುವುದೇ ಬೇರೆ.

ಬರಿ ತಂತಿ ಮೀಟಿದರೆ ಮೂಲ ಕಂಪನದ ಜೊತೆ ಅದರ 2, 3, 4 ಪಟ್ಟು ವೇಗದ ಕಂಪನಗಳೂ ಏಳುತ್ತವೆ. ಅದಕ್ಕೇ ಇಂಪು. ಬೋಲ್ಟಿನ ಭಾರ ಬಿದ್ದರೆ ಈ ಲೆಕ್ಕ ತಪ್ಪಿ ಜಾಗಟೆಯಂಥ ದನಿ ಬರುತ್ತದೆ. ವಾದ್ಯಕ್ಕೆ ಬಿಗಿದ ಬರಿ ಚರ್ಮದಲ್ಲಿ ಲೆಕ್ಕ ಹುಟ್ಟಿನಿಂದಲೇ ತಪ್ಪಿರುತ್ತದೆ: 1.59, 2.14, 2.30 ಪಟ್ಟು. ತಬಲಾ ಮಾಡುವವರು ಇದನ್ನೇ ತಿರುವಿ ಹಾಕಿದ್ದಾರೆ. ಹಿಟ್ಟಿನ ಅಂಟಿಗೆ ಕಬ್ಬಿಣದ ಪುಡಿ ಬೆರೆಸಿ, ಪದರದ ಮೇಲೆ ಪದರ ಹಚ್ಚಿ, ಕಲ್ಲಿನಿಂದ ತಿಕ್ಕುತ್ತಾರೆ. ಚರ್ಮದ ಮೇಲಿನ ಈ ಕಪ್ಪು ಬೊಟ್ಟೇ ಶಾಹಿ. ಅದರಲ್ಲಿ ಕೂದಲೆಳೆಯಂಥ ಬಿರುಕು ಬೀಳಬೇಕು, ಇಲ್ಲದಿದ್ದರೆ ಚರ್ಮ ಬಾಗುವುದಿಲ್ಲ. ಆ ಭಾರಕ್ಕೆ ಕಂಪನಗಳು ಹೆಚ್ಚುಕಡಿಮೆ 2, 3, 4ರ ಸಾಲಿಗೆ ಬರುತ್ತವೆ. ಸಿ. ವಿ. ರಾಮನ್ 1920ರಲ್ಲೇ ಇದನ್ನು 'ನೇಚರ್' ಪತ್ರಿಕೆಯಲ್ಲಿ ಬರೆದರು. ಭಾರ ಹೇರುವ ಉಪಾಯ ಒಂದೇ, ಫಲ ಮಾತ್ರ ತದ್ವಿರುದ್ಧ. ನನಗಂತೂ ಇದು ಪುರಾಣದ ಪವಾಡಕ್ಕಿಂತ ಜಾಸ್ತಿ ಸೋಜಿಗ.

ಹಾಗಾಗಿ ಬೋಲ್ಟಿನ ಸ್ವರಕ್ಕೆ ತಬಲಾ ಹೊಂದುವುದಿಲ್ಲ, ಅದು ತೀರಾ ಇಂಪು. ಅಂಗೈ ಒತ್ತಿ ಬಾರಿಸಿದ ಜಾಗಟೆ ಸರಿ. ಸಡಿಲ ನಟ್ಟಿನ ಗಿಲಗಿಲಕ್ಕೆ ಗೆಜ್ಜೆ. ರಬ್ಬರಿನ ಮೊಂಡು ದನಿಗೆ ಹಲಗಿ. ತೊಡಕು ಇರುವುದು ಪಿಯಾನೊದ ಎಡ ಪೆಡಲಿನಲ್ಲಿ. ಅದನ್ನು ತುಳಿದರೆ ಒಳಗಿನ ಸುತ್ತಿಗೆ ಪಕ್ಕಕ್ಕೆ ಸರಿದು, ಒಂದು ಕೀಗೆ ಇರುವ ಮೂರು ತಂತಿಗಳಲ್ಲಿ ಎರಡಕ್ಕೇ ಬಡಿಯುತ್ತದೆ. ಬಿಟ್ಟುಹೋದದ್ದು ಬೋಲ್ಟಿಲ್ಲದ ತಂತಿಯಾದರೆ ಅದೇ ಕೀ ಬೇರೆ ದನಿ ಕೊಡುತ್ತದೆ. ಒಂದು ಕೀಗೆ ಇಬ್ಬರು ವಾದಕರು ಬೇಕು!

ಇನ್ನು ಸದ್ದು. ಬೋಲ್ಟು ಸಿಕ್ಕಿಸಿದ ಪಿಯಾನೊದ ದನಿ ಸಣ್ಣದು. ಹೋಳಿ ಹಬ್ಬಕ್ಕೆ ಹುಬ್ಬಳ್ಳಿಯ ಓಣಿ ನಡುಗಿಸುವ ದೊಡ್ಡ ಚರ್ಮವಾದ್ಯ ಜಗ್ಗಲಗಿ ಇಲ್ಲಿ ಬೇಡ. ಹಲಗಿಯನ್ನೂ ಬೆಂಕಿಗೆ ಕಾಯಿಸದೆ, ಕೋಲು ಬದಿಗಿಟ್ಟು, ಬೆರಳ ತುದಿಯಲ್ಲೇ ನುಡಿಸಬೇಕು.